ಸಂಖ್ಯೆ ದೊಡ್ಡದಾದ್ರ ಪರವಲಯ ಇಕ್ಕಟ್ಟು ಯಾಕ ಆಗ್ತೈತಿ? ಇಳಕಲ್ಲಿನ ಕಲ್ಲು, ಬನಶಂಕರಿ ಜಾತ್ರೆ, ಹುನಗುಂದದ ಹೆದ್ದಾರಿಯಲ್ಲಿದೆ ಉತ್ತರ

ಬಾಗಲಕೋಟೆ: ಹತ್ತನೇ ತರಗತಿ ಓದುವ ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಗ್ರಾಫ್ ಹಾಳೆಯ ಮೇಲೆ ಮೂರು ಬಾಗಿದ ಗೆರೆ ಎಳೆದು ಕೂತ ಮಗಳು ಕೇಳುತ್ತಾಳೆ: "ಅಪ್ಪಾ, ಎಕ್ಸ್ ವರ್ಗಕ್ಕ ಎರಡರಿಂದ ಗುಣಿಸಿದ್ನಿ. ಗೆರಿ ದೊಡ್ಡದಾಗಬೇಕಿತ್ತಲ್ಲ? ಇದು ನೋಡಿದ್ರ ಇಕ್ಕಟ್ಟಾಗೇತಿ. ಅರ್ಧದಿಂದ ಗುಣಿಸಿದ್ರ ಅಗಲ ಆಗೇತಿ. ಉಲ್ಟಾ ಯಾಕ?"

ಅಂಗಡಿಯ ಲೆಕ್ಕ ಬರೆಯುತ್ತ ಕೂತ ಅಪ್ಪ "ನಿಮ್ಮ ಸರ್‌ನ ಕೇಳು" ಅಂತಾನೆ. ಗೈಡ್‌ನಲ್ಲಿ "ಸಹಗುಣಕ ಹೆಚ್ಚಾದರೆ ಪರವಲಯ ಕಿರಿದಾಗುತ್ತದೆ" ಅಂತ ಒಂದೇ ಸಾಲು ಇರುತ್ತದೆ. ಮಗಳು ಅದನ್ನು ಬಾಯಿಪಾಠ ಮಾಡುತ್ತಾಳೆ. ಕಾರಣ ಗೊತ್ತಿಲ್ಲದ ಬಾಯಿಪಾಠದ ತೊಂದರೆ ಏನೆಂದರೆ, ಪರೀಕ್ಷೆಯ ದಿನ ಅದು ತಿರುವುಮುರುವಾಗಿ ನೆನಪಾಗುತ್ತದೆ. ಹೆಚ್ಚಾದ್ರೆ ಕಿರಿದೋ, ಕಡಿಮೆಯಾದ್ರೆ ಕಿರಿದೋ? ಆಗ ಹುಡುಗರು ನಾಣ್ಯ ಚಿಮ್ಮಿದ ಹಾಗೆ ಒಂದನ್ನು ಬರೆದು ಬರುತ್ತಾರೆ.

ಹತ್ತನೇ ತರಗತಿಯ ಗಣಿತ ಪುಸ್ತಕದ 'ಬಹುಪದೋಕ್ತಿಗಳು' ಅಧ್ಯಾಯದಲ್ಲಿ ಈ ಗೆರೆಯ ಪರಿಚಯ ಆಗುತ್ತದೆ. ವರ್ಗ ಬಹುಪದೋಕ್ತಿಯ ನಕ್ಷೆಗೆ ಪರವಲಯ ಎಂದು ಹೆಸರು. ಎಕ್ಸ್²ದ ಸಹಗುಣಕ ಧನವಾಗಿದ್ದರೆ ಬಾಯಿ ಮೇಲೆ, ಋಣವಾಗಿದ್ದರೆ ಬಾಯಿ ಕೆಳಗೆ. ಪುಸ್ತಕ ಅಲ್ಲಿಂದ ಶೂನ್ಯತೆಗಳ ಕಡೆ ಹೊರಳಿಬಿಡುತ್ತದೆ. ಆ ಸಹಗುಣಕ ಗೆರೆಗೆ ಏನು ಮಾಡುತ್ತದೆ ಅನ್ನೋ ವಿಷಯ ಹಾಗೇ ಉಳಿಯುತ್ತದೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡ ಮಕ್ಕಳಿಗೆ ಅದು ಮತ್ತೆ ಎದುರಾಗುತ್ತದೆ. ಅದನ್ನು ತಿಳಿಯೋಕೆ ಬೇಕಾದ ಸಾಮಾನೆಲ್ಲ ಈ ಜಿಲ್ಲೆಯ ರಸ್ತೆ, ಅಂಗಡಿ, ಜಾತ್ರೆಗಳಲ್ಲೇ ಬಿದ್ದಿದೆ.

ಇಳಕಲ್ಲಿನ ಕಲ್ಲಿನಿಂದ ಶುರು

ಇಳಕಲ್ ಅಂದರೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ಕಟ್ಟಡ ಕಟ್ಟುವವರಿಗೆ ಕೆಂಪು ಗ್ರಾನೈಟ್ ನೆನಪಾಗುತ್ತದೆ. ಗ್ರಾನೈಟ್ ಮಾರೋದು ಚದರ ಅಡಿ ಲೆಕ್ಕದಲ್ಲಿ. ಲೆಕ್ಕ ಸುಲಭವಾಗಲಿ ಅಂತ ಚದರ ಅಡಿಗೆ 100 ರೂಪಾಯಿ ಅಂದುಕೊಳ್ಳೋಣ. ಇದು ಮಾರುಕಟ್ಟೆಯ ದರ ಅಲ್ಲ, ಪಾಠದ ದರ.

ಚೌಕಾಕಾರದ ಕಲ್ಲು ಬೇಕು. ಬದಿ 1 ಅಡಿ ಇದ್ದರೆ 100 ರೂಪಾಯಿ. ಬದಿ 2 ಅಡಿ ಆದರೆ 200 ಅಲ್ಲ, 400. ಬದಿ 3 ಅಡಿಗೆ 900, 4 ಅಡಿಗೆ 1,600. ಬದಿಯನ್ನು ಅಡ್ಡ ಗೆರೆಯ ಮೇಲೆ, ಅಂದರೆ ಎಕ್ಸ್-ಅಕ್ಷದ ಮೇಲೆ ಗುರುತಿಸಿ. ಬೆಲೆಯನ್ನು ನಿಂತ ಗೆರೆಯ ಮೇಲೆ, ಅಂದರೆ ವೈ-ಅಕ್ಷದ ಮೇಲೆ, 100 ರೂಪಾಯಿಗೆ ಒಂದು ಮನೆಯಂತೆ ಗುರುತಿಸಿ. ಚುಕ್ಕಿಗಳ ಎತ್ತರ 1, 4, 9, 16 ಮನೆ. ಸೇರಿಸಿದರೆ ಬರುವ ಗೆರೆಯೇ ವೈ = ಎಕ್ಸ್². ಕಲ್ಲಿಗೆ ಮೈನಸ್ ಬದಿ ಇರಲ್ಲ, ಹಾಗಾಗಿ ಅಂಗಡಿಯಲ್ಲಿ ಬಲಗಡೆಯ ಅರ್ಧ ಮಾತ್ರ ಸಿಗುತ್ತದೆ. ಗಣಿತದಲ್ಲಿ ಮೈನಸ್ 2ರ ವರ್ಗವೂ 4 ಆದ್ದರಿಂದ ಎಡಗಡೆಗೆ ಅದರದೇ ಕನ್ನಡಿ ಬಿಂಬ ನಿಲ್ಲುತ್ತದೆ.

ಈಗ ಅದಕ್ಕಿಂತ ಚಲೋ ಕಲ್ಲು, ಚದರ ಅಡಿಗೆ 200 ರೂಪಾಯಿ. 1 ಅಡಿಗೆ 200, 2 ಅಡಿಗೆ 800, 3 ಅಡಿಗೆ 1,800, 4 ಅಡಿಗೆ 3,200. ಇದು ವೈ = 2ಎಕ್ಸ್². ಮೊದಲಿನ ಗೆರೆಯ ಮೇಲಿದ್ದ ಪ್ರತಿ ಚುಕ್ಕಿಗೂ ಏನಾಯಿತು? ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಬರಲಿಲ್ಲ. ಇದ್ದಲ್ಲೇ ನಿಂತು ಎರಡು ಪಟ್ಟು ಮೇಲಕ್ಕೆದ್ದಿತು. 4 ಮನೆ ಎತ್ತರದ್ದು 8ಕ್ಕೆ, 9ರದ್ದು 18ಕ್ಕೆ. ಇದಕ್ಕೇ ನಕ್ಷೆಯನ್ನು ಹಿಗ್ಗಿಸೋದು ಅನ್ನುತ್ತಾರೆ. ರಬ್ಬರ್ ಹಾಳೆಯ ಮೇಲೆ ಗೆರೆ ಬರೆದು, ಕೆಳಗಿನ ಅಂಚನ್ನು ಮೇಜಿಗೆ ಒತ್ತಿ ಹಿಡಿದು, ಮೇಲಿನ ಅಂಚನ್ನು ಎಳೆದ ಹಾಗೆ.

ಅಗ್ಗದ ಕಲ್ಲು ಚದರ ಅಡಿಗೆ 50 ರೂಪಾಯಿ. 2 ಅಡಿಗೆ 200, 4 ಅಡಿಗೆ 800. ಪ್ರತಿ ಚುಕ್ಕಿಯೂ ಅರ್ಧಕ್ಕೆ ಇಳಿಯಿತು. ಇದು ಕುಗ್ಗಿಸೋದು.

ಮೂರೂ ಗೆರೆಗಳಲ್ಲಿ ಅಲುಗಾಡದ ಚುಕ್ಕಿ ಒಂದೇ ಒಂದು. ಸೊನ್ನೆ ಅಡಿ ಕಲ್ಲಿಗೆ ದರ ಎಷ್ಟೇ ಇರಲಿ, ಬೆಲೆ ಸೊನ್ನೆ. ಈ ಚುಕ್ಕಿಯನ್ನು ನೆನಪಿಟ್ಟುಕೊಳ್ಳಿ, ಬನಶಂಕರಿ ಜಾತ್ರೆಯಲ್ಲಿ ಮತ್ತೆ ಬೇಕಾಗುತ್ತದೆ.

ಹಂಗಾದ್ರ ಇಕ್ಕಟ್ಟು ಕಾಣೋದ್ಯಾಕ?

ಮಗಳ ಪ್ರಶ್ನೆ ಇನ್ನೂ ಹಾಗೇ ಇದೆ. ಚುಕ್ಕಿಗಳು ಮೇಲಕ್ಕಷ್ಟೇ ಹೋಗಿದ್ದರೆ, ಗೆರೆ ಅಕ್ಕಪಕ್ಕದಿಂದ ಒತ್ತಿದಂತೆ ಕಾಣೋದು ಏಕೆ?

ಇದಕ್ಕೆ ಗಿರಾಕಿಯ ಕಡೆಯಿಂದ ಯೋಚಿಸಬೇಕು. ಇಷ್ಟುಹೊತ್ತು ಕೇಳಿದ್ದು "ಇಷ್ಟು ಅಡಿಗೆ ಎಷ್ಟು ರೂಪಾಯಿ" ಅಂತ. ಜೇಬಿನಲ್ಲಿ ಇಂತಿಷ್ಟೇ ದುಡ್ಡು ಇಟ್ಟುಕೊಂಡು ಬಂದವ ಕೇಳೋದು ಬೇರೆ: "1,600 ರೂಪಾಯಿ ಐತಿ, ಎಷ್ಟು ದೊಡ್ಡ ಕಲ್ಲು ಬರ್ತೈತಿ?" ಚದರ ಅಡಿಗೆ 100ರ ಕಲ್ಲಾದರೆ 16 ಚದರ ಅಡಿ, ಬದಿ 4 ಅಡಿ. 400ರ ಕಲ್ಲಾದರೆ 4 ಚದರ ಅಡಿ, ಬದಿ 2 ಅಡಿ. ದರ ನಾಲ್ಕು ಪಟ್ಟಾಯಿತು, ಅದೇ ದುಡ್ಡಿಗೆ ಸಿಗುವ ಬದಿ ಅರ್ಧವಾಯಿತು.

ಗ್ರಾಫ್ ಹಾಳೆಯ ಮೇಲೆ 16ನೇ ಮನೆಯ ಎತ್ತರದಲ್ಲಿ ಅಡ್ಡಕ್ಕೆ ಸ್ಕೇಲ್ ಇಟ್ಟರೆ ಇದೇ ಕಾಣುತ್ತದೆ. ವೈ = ಎಕ್ಸ್² ಆ ಎತ್ತರ ಮುಟ್ಟೋದು 4ರ ಮೇಲೆ. ವೈ = 4ಎಕ್ಸ್² ಅದೇ ಎತ್ತರವನ್ನು 2ರ ಮೇಲೇ ಮುಟ್ಟಿಬಿಡುತ್ತದೆ. ಬೇಗ ಏರುವ ಗೆರೆ ನಡುಗೆರೆಯಿಂದ ದೂರ ಹೋಗೋಕೆ ಮುಂಚೆಯೇ ಮೇಲೆ ಹೋಗಿರುತ್ತದೆ. ಕಣ್ಣಿಗೆ ಇಕ್ಕಟ್ಟು ಅನಿಸೋದು ಅದಕ್ಕೇ. ಯಾರೂ ಅದನ್ನು ಪಕ್ಕದಿಂದ ಒತ್ತಿಲ್ಲ.

ಲೆಕ್ಕದಲ್ಲೂ ಇದು ಸರಿಹೋಗುತ್ತದೆ. 4ಎಕ್ಸ್² ಅಂದರೂ ಒಂದೇ, (2ಎಕ್ಸ್)² ಅಂದರೂ ಒಂದೇ. ಮೊದಲನೆಯದು "ಎತ್ತರವನ್ನು ನಾಲ್ಕು ಪಟ್ಟು ಮಾಡು" ಅನ್ನುತ್ತದೆ, ಎರಡನೆಯದು "ಅಗಲವನ್ನು ಅರ್ಧ ಮಾಡು" ಅನ್ನುತ್ತದೆ. ಗೆರೆ ಒಂದೇ, ಹೇಳುವ ದಾರಿ ಎರಡು.

ಇಲ್ಲಿ ಜಾಣ ಹುಡುಗರೂ ಎಡವುತ್ತಾರೆ. ನಾಲ್ಕು ಪಟ್ಟಿಗೆ ಅಗಲ ಅರ್ಧ ಆಯಿತು, ಆದರೆ ಎರಡು ಪಟ್ಟಿಗೆ? ಅರ್ಧ ಅಲ್ಲ. 200 ರೂಪಾಯಿ ದರದಲ್ಲಿ 1,600ಕ್ಕೆ 8 ಚದರ ಅಡಿ ಸಿಗುತ್ತದೆ. ಅದರ ಬದಿ 8ರ ವರ್ಗಮೂಲ, ಸುಮಾರು 2.83 ಅಡಿ. 4 ಅಡಿ ಇದ್ದದ್ದು 2.83ಕ್ಕೆ ಬಂತು, ಅಂದರೆ 2ರ ವರ್ಗಮೂಲವಾದ 1.41ರಿಂದ ಭಾಗಿಸಿದಷ್ಟು. ಎತ್ತರ ಎಷ್ಟು ಪಟ್ಟಾಗುತ್ತದೋ ಅದರ ವರ್ಗಮೂಲದಷ್ಟು ಅಗಲ ಕಡಿಮೆಯಾಗುತ್ತದೆ. ಈ 1.41 ಹುನಗುಂದದ ಹೆದ್ದಾರಿ ಮೇಲೆ ಮತ್ತೆ ಸಿಗುತ್ತದೆ, ಅಲ್ಲಿ ಅದು ಜೀವದ ಪ್ರಶ್ನೆ.

ಅಂದಹಾಗೆ, ಈ ಗೊಂದಲಕ್ಕೆ ಮಕ್ಕಳು ನಾಚಿಕೊಳ್ಳಬೇಕಿಲ್ಲ. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ ಕಾಲದಲ್ಲೇ, 628ರಲ್ಲಿ, ಬ್ರಹ್ಮಗುಪ್ತ ವರ್ಗ ಸಮೀಕರಣ ಬಿಡಿಸುವ ವಿಧಾನ ಬರೆದಿಟ್ಟ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ' ಬಂತು, ಅದರಲ್ಲೂ ವರ್ಗ ಸಮೀಕರಣದ ಲೆಕ್ಕಗಳಿವೆ. ಸಮೀಕರಣವನ್ನು ಅಕ್ಷಗಳ ಲೆಕ್ಕದಲ್ಲಿ ಗೆರೆಯಾಗಿ ನೋಡುವ ದಾರಿ ಬಲವಾದದ್ದು ಫ್ರಾನ್ಸಿನ ಡೆಕಾರ್ಟ್‌ನ 1637ರ ಪುಸ್ತಕದ ನಂತರ. ಲೆಕ್ಕ ಮಾಡೋದಕ್ಕೂ ಅದರ ಚಿತ್ರ ನೋಡೋದಕ್ಕೂ ನಡುವೆ ಸಾವಿರ ವರ್ಷ ಹಿಡಿದಿದೆ. ಮಕ್ಕಳಿಗೆ ಎರಡು ಪಿರಿಯಡ್ ಸಾಲದಿದ್ದರೆ ಆಶ್ಚರ್ಯವಿಲ್ಲ.

ಹೊಲದ ಪೈಪಿನಲ್ಲಿ ತಲೆಕೆಳಗಾದ ಪರವಲಯ

ಸಹಗುಣಕದ ಮುಂದೆ ಮೈನಸ್ ಬಂದರೆ ಗೆರೆ ಬೋರಲು ಬೀಳುತ್ತದೆ. ಇದನ್ನು ನೋಡೋಕೆ ಗ್ರಾಫ್ ಹಾಳೆಯೂ ಬೇಡ. ಕಬ್ಬಿನ ಹೊಲಕ್ಕೆ ನೀರು ಹಾಯಿಸುವ ಪೈಪನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಹಿಡಿದರೆ ಸಾಕು. ಬಾಯಿಂದ ಹೊರಟ ನೀರು ಬಾಗಿ ನೆಲ ಸೇರುವ ದಾರಿ ಪರವಲಯದ ಒಂದು ಅರ್ಧ.

ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 90 ಸೆಂ.ಮೀ ದೂರದಲ್ಲಿ ಬೀಳುತ್ತದೆ. ಮೋಟಾರು ಜೋರಾಗಿ ವೇಗ 4 ಮೀಟರ್ ಆದರೆ ಸುಮಾರು 1 ಮೀಟರ್ 80 ಸೆಂ.ಮೀ ದೂರ ಬೀಳುತ್ತದೆ. ಸಮೀಕರಣದಲ್ಲಿ ಬರೆದರೆ ಮೊದಲನೆಯದರ ಸಹಗುಣಕ ಸುಮಾರು −1.2, ಎರಡನೆಯದರದ್ದು ಸುಮಾರು −0.3. ವೇಗ ಎರಡು ಪಟ್ಟಾದಾಗ ಸಹಗುಣಕ ನಾಲ್ಕರಲ್ಲಿ ಒಂದಾಯಿತು, ಗೆರೆ ಎರಡು ಪಟ್ಟು ಅಗಲವಾಯಿತು. ಕಲ್ಲಿನ ಅಂಗಡಿಯ ಲೆಕ್ಕವೇ ಇಲ್ಲಿ ಹಿಂದುಮುಂದಾಗಿ ಬಂದಿದೆ. ಕರೆಂಟ್ ಕಡಿಮೆಯಾದಾಗ ನೀರು ಪೈಪಿನ ಬುಡಕ್ಕೇ ಬೀಳೋದನ್ನು ನೋಡಿದ ರೈತರ ಮಕ್ಕಳಿಗೆ, ಸಣ್ಣ ಸಹಗುಣಕದ ಗೆರೆ ಅಗಲ ಅಂತ ಬೇರೆ ಹೇಳಬೇಕಿಲ್ಲ.

ಬಾಗಿಲಿಗೆ ಕಟ್ಟಿದ ಹೂವಿನ ಹಾರವೂ ಬಾಗಿರುತ್ತದೆ, ಅದೂ ಪರವಲಯವೇ ಅಂತ ಕೆಲವರು ಹೇಳಿಕೊಡುತ್ತಾರೆ. ಅಲ್ಲ. ನೋಡೋಕೆ ಹತ್ತಿರ, ಸಮೀಕರಣ ಬೇರೆ.

ಕಸೂತಿ ಮತ್ತು ಗ್ರಾಫ್ ಹಾಳೆಯ ಮೋಸ

ಇಷ್ಟೆಲ್ಲ ಅರ್ಥವಾದ ಮೇಲೂ ಒಂದು ಕಡೆ ಮಕ್ಕಳು ಅನ್ಯಾಯವಾಗಿ ಗಾಬರಿಯಾಗುತ್ತಾರೆ. ಇಬ್ಬರು ಗೆಳತಿಯರು ವೈ = ಎಕ್ಸ್² ಎಳೆದಿರುತ್ತಾರೆ. ಇಬ್ಬರ ಕೋಷ್ಟಕವೂ ಸರಿ, ಆದರೆ ಒಬ್ಬಳದು ಅಗಲ, ಇನ್ನೊಬ್ಬಳದು ಇಕ್ಕಟ್ಟು. ಯಾರದು ತಪ್ಪು?

ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಇದರ ಉತ್ತರ ಗೊತ್ತು. ಕಸೂತಿಯನ್ನು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹಾಕುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಗೋಪುರ ಆಗಲಿ, ತೇರು ಆಗಲಿ, ಇಷ್ಟು ಎಳೆ ಅಡ್ಡ, ಇಷ್ಟು ಎಳೆ ಉದ್ದ ಅಂತ ಲೆಕ್ಕ. ಹಾಸು ಮತ್ತು ಹೊಕ್ಕು ಸಮನಾಗಿದ್ದ ಬಟ್ಟೆಯಲ್ಲಿ ಗೋಪುರ ಒಂದು ರೀತಿ ಕಾಣುತ್ತದೆ. ನಿಂತ ಹಾಸಿನ ಎಳೆ ಒತ್ತಾಗಿ, ಅಡ್ಡ ಹೊಕ್ಕಿನ ಎಳೆ ವಿರಳವಾಗಿದ್ದ ಬಟ್ಟೆಯಲ್ಲಿ ಅದೇ ಎಣಿಕೆಯ ಗೋಪುರ ಸಪೂರವಾಗಿ ಎತ್ತರ ಕಾಣುತ್ತದೆ. ಎಣಿಕೆ ತಪ್ಪಿಲ್ಲ, ಬಟ್ಟೆ ಬೇರೆ.

ಗ್ರಾಫ್ ಹಾಳೆಯಲ್ಲಿ ಆ ಬಟ್ಟೆ ಅಂದರೆ ಪ್ರಮಾಣ. ಒಬ್ಬಳು ವೈ-ಅಕ್ಷದ ಮೇಲೆ 1 ಸೆಂ.ಮೀಗೆ 1 ಮಾನ ತಗೊಂಡಿದ್ದಾಳೆ, ಇನ್ನೊಬ್ಬಳು ಹಾಳೆ ಸಾಲದು ಅಂತ 1 ಸೆಂ.ಮೀಗೆ 5 ಮಾನ ತಗೊಂಡಿದ್ದಾಳೆ. ಎರಡೂ ಸರಿ. ಹಾಗಾಗಿಯೇ ಹಾಳೆಯ ಮೂಲೆಯಲ್ಲಿ ಪ್ರಮಾಣ ಬರೆಯಲೇಬೇಕು, ಮತ್ತು ಎರಡು ಪರವಲಯಗಳನ್ನು ಹೋಲಿಸಬೇಕೆಂದರೆ ಒಂದೇ ಹಾಳೆಯ ಮೇಲೆ ಒಂದೇ ಪ್ರಮಾಣದಲ್ಲಿ ಎಳೆಯಬೇಕು. ಪ್ರಮಾಣ ಬರೆಯದ ಪರವಲಯ ಅಗಲವೋ ಇಕ್ಕಟ್ಟೋ ಅಂತ ಹೇಳೋಕೆ ಯಾರಿಂದಲೂ ಆಗದು. ಮೊಬೈಲಿನಲ್ಲಿ ಬರುವ ಬಂಗಾರದ ದರದ ಗ್ರಾಫ್ ನೋಡುವಾಗ ದೊಡ್ಡವರೂ ಇದೊಂದನ್ನು ಗಮನಿಸೋದು ಒಳ್ಳೆಯದು. ನಿಂತ ಗೆರೆಯ ಪ್ರಮಾಣ ಹಿಗ್ಗಿಸಿದರೆ ನೂರು ರೂಪಾಯಿ ಏರಿಕೆಯೂ ಬೆಟ್ಟದಂತೆ ಕಾಣುತ್ತದೆ.

ಇನ್ನೊಂದು ಸೋಜಿಗ ಇದೆ. ವೈ = 4ಎಕ್ಸ್² ಗೆರೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಉದ್ದ ಅಗಲ ಎರಡೂ ನಾಲ್ಕು ಪಟ್ಟಾಗುವಂತೆ ಜೂಮ್ ಮಾಡಿದರೆ, ಪರದೆಯ ಮೇಲೆ ಕಾಣೋದು ಥೇಟ್ ವೈ = ಎಕ್ಸ್². ಚಿಕ್ಕ ಬಳೆಯೂ ದೊಡ್ಡ ಬಳೆಯೂ ಒಂದೇ ಆಕಾರದ ವೃತ್ತ ಅಲ್ಲವೇ? ಪರವಲಯಗಳೂ ಹಾಗೆ. ಎಲ್ಲ ಪರವಲಯಗಳ ಆಕಾರ ಒಂದೇ, ಹತ್ತಿರದಿಂದ ನೋಡಿದರೆ ಅಗಲ, ದೂರದಿಂದ ನೋಡಿದರೆ ಇಕ್ಕಟ್ಟು. ಇದು ಪರೀಕ್ಷೆಗೆ ಬರಲಿಕ್ಕಿಲ್ಲ. ಆದರೆ ಇದನ್ನು ಕೈಯಾರೆ ಮಾಡಿ ನೋಡಿದ ಮಕ್ಕಳು ಗಣಿತದ ಜೊತೆ ಜಗಳ ಬಿಡುವ ಸಂಭವ ಹೆಚ್ಚು.

ಬನಶಂಕರಿ ಜಾತ್ರೆಯಲ್ಲಿ ಆಟಿಕೆ ಅಂಗಡಿ

ಬಾದಾಮಿ ತಾಲ್ಲೂಕಿನ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯುತ್ತದೆ. ತೇರಿನ ದಿನದ ಜನ ಬೇರೆ, ಆಮೇಲಿನ ದಿನಗಳ ಜನ ಬೇರೆ. ಅಲ್ಲಿ ಆಟಿಕೆ ಮಾರುವ ಒಬ್ಬ ವ್ಯಾಪಾರಿಯ ಲೆಕ್ಕ ಹಿಡಿಯೋಣ. ಇದು ಊಹೆಯ ಲೆಕ್ಕ, ಆದರೆ ಅಂಗಡಿ ಇಟ್ಟವರಿಗೆ ಹೊಸದೇನಲ್ಲ.

ಒಂದು ಆಟಿಕೆಯ ಅಸಲು 20 ರೂಪಾಯಿ. 60 ರೂಪಾಯಿ ಹೇಳಿದರೆ ಒಬ್ಬರೂ ಕೊಳ್ಳುವುದಿಲ್ಲ. ಅದಕ್ಕಿಂತ ಒಂದೊಂದು ರೂಪಾಯಿ ಇಳಿಸಿದ ಹಾಗೆ ಒಬ್ಬೊಬ್ಬ ಗಿರಾಕಿ ಹೆಚ್ಚಾಗುತ್ತಾನೆ. ಬೆಲೆ ಎಕ್ಸ್ ಆದರೆ ಒಂದು ಆಟಿಕೆಗೆ ಸಿಗುವ ಲಾಭ (ಎಕ್ಸ್ − 20), ಮಾರಾಟವಾಗುವ ಆಟಿಕೆ (60 − ಎಕ್ಸ್). ದಿನದ ಲಾಭ ಇವೆರಡರ ಗುಣಲಬ್ಧ.

20ಕ್ಕೆ ಮಾರಿದರೆ ಲಾಭ ಸೊನ್ನೆ. 30ಕ್ಕೆ ಮಾರಿದರೆ 10 × 30, ಅಂದರೆ 300 ರೂಪಾಯಿ. 40ಕ್ಕೆ 20 × 20, ಅಂದರೆ 400. 50ಕ್ಕೆ ಮತ್ತೆ 300. 60ಕ್ಕೆ ಮತ್ತೆ ಸೊನ್ನೆ. ಬೋರಲು ಬಿದ್ದ ಪರವಲಯ, ನೆತ್ತಿ 40ರ ಮೇಲೆ.

ಈಗ ತೇರಿನ ದಿನ. ಜನ ಎರಡು ಪಟ್ಟು. ಪ್ರತಿ ಬೆಲೆಗೂ ಗಿರಾಕಿ ಎರಡರಷ್ಟು, ಲಾಭವೂ ಎರಡರಷ್ಟು: 600, 800, 600. ಪರವಲಯ ಎರಡು ಪಟ್ಟು ಹಿಗ್ಗಿತು. ಹುಣ್ಣಿಮೆ ದಾಟಿ ಜನ ಅರ್ಧವಾದ ದಿನ 150, 200, 150. ಕುಗ್ಗಿತು.

ಆದರೆ ನೆತ್ತಿ ಎಲ್ಲಿದೆ ನೋಡ್ರಿ. ಮೂರು ದಿನವೂ 40ರ ಮೇಲೇ ಇದೆ. ಜನ ಹೆಚ್ಚಾದರು ಅಂತ ಬೆಲೆ ಏರಿಸುವ ವ್ಯಾಪಾರಿ, ಈ ಲೆಕ್ಕದ ಪ್ರಕಾರ, ಸಿಗಬಹುದಾದ ಲಾಭವನ್ನೇ ಕಡಿಮೆ ಮಾಡಿಕೊಳ್ಳುತ್ತಾನೆ. ತೇರಿನ ದಿನ 50 ಹೇಳಿದರೆ 600, 40ಕ್ಕೇ ಮಾರಿದರೆ 800. ಬಂದ ಜನ ಹೆಚ್ಚು ದುಡ್ಡು ಕೊಡೋಕೆ ತಯಾರಿದ್ದರೆ ಮಾತು ಬೇರೆ, ಆಗ 60 ಅನ್ನೋ ಗಡಿಯೇ ಸರಿಯುತ್ತದೆ. ಬರೀ ಸಂಖ್ಯೆ ಹೆಚ್ಚಾದರೆ ಸರಿಯುವುದಿಲ್ಲ.

ಸೊನ್ನೆ ಲಾಭದ ಎರಡು ಬೆಲೆ, 20 ಮತ್ತು 60, ಕೂಡ ಅಲುಗಾಡಲಿಲ್ಲ. ಕಲ್ಲಿನ ಅಂಗಡಿಯ ಸೊನ್ನೆ ಅಡಿಯ ಚುಕ್ಕಿ ನೆನಪಿದೆಯಲ್ಲ? ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಹತ್ತನೇ ತರಗತಿಯ ಪುಸ್ತಕ ಶೂನ್ಯತೆಗಳು ಅನ್ನೋದು ಇವನ್ನೇ.

ಇಲ್ಲಿ ಪುಸ್ತಕದ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಶೂನ್ಯತೆಗಳ ಮೊತ್ತ ಮತ್ತು ಗುಣಲಬ್ಧ ಕೊಟ್ಟು ವರ್ಗ ಬಹುಪದೋಕ್ತಿ ಕಂಡುಹಿಡಿಯುವ ಲೆಕ್ಕ ಎಲ್ಲರಿಗೂ ಗೊತ್ತು. ಮೊತ್ತ −3, ಗುಣಲಬ್ಧ 2 ಇದ್ದರೆ ಉತ್ತರ ಎಕ್ಸ್² + 3ಎಕ್ಸ್ + 2. ಜೊತೆಗೆ, ಇದನ್ನು ಸೊನ್ನೆಯಲ್ಲದ ಯಾವುದೇ ಸಂಖ್ಯೆ 'ಕೆ'ಯಿಂದ ಗುಣಿಸಿದರೂ ಉತ್ತರವೇ ಅನ್ನೋ ಮಾತು ಬರುತ್ತದೆ. ಬಹಳ ಮಕ್ಕಳು ಈ 'ಕೆ'ಯನ್ನು ಅಲಂಕಾರಕ್ಕೆ ಇಟ್ಟದ್ದು ಅಂದುಕೊಂಡು ಮುಂದೆ ಹೋಗುತ್ತಾರೆ. ಅದು ಅಲಂಕಾರ ಅಲ್ಲ, ಜಾತ್ರೆಯ ಜನ. ಶೂನ್ಯತೆಗಳು ಎರಡು ಗೂಟ ಇದ್ದ ಹಾಗೆ. ಅದೇ ಎರಡು ಗೂಟಗಳ ನಡುವೆ ಪರವಲಯವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು, ಬೋರಲು ಮಾಡಬಹುದು. ಮೊತ್ತ, ಗುಣಲಬ್ಧ ಎರಡೂ ಗೂಟಗಳ ಬಗ್ಗೆ ಮಾತ್ರ ಹೇಳುತ್ತವೆ, ಹಿಗ್ಗಿನ ಬಗ್ಗೆ ಏನೂ ಹೇಳುವುದಿಲ್ಲ. ಆದ್ದರಿಂದಲೇ ಉತ್ತರ ಒಂದಲ್ಲ, ಎಣಿಸಲಾರದಷ್ಟು.

ಜಾಗದ ಬಾಡಿಗೆ ಬಂದರೆ ಕಥೆ ಬದಲಾಗುತ್ತದೆ. ದಿನಕ್ಕೆ 300 ರೂಪಾಯಿ ಬಾಡಿಗೆ ಇದೆ ಅಂದುಕೊಳ್ಳೋಣ. ಬಾಡಿಗೆ ಪರವಲಯವನ್ನು ಹಿಗ್ಗಿಸೋದೂ ಇಲ್ಲ, ಕುಗ್ಗಿಸೋದೂ ಇಲ್ಲ, ಇಡೀ ಗೆರೆಯನ್ನು 300ರಷ್ಟು ಕೆಳಗೆ ಇಳಿಸುತ್ತದೆ. ಆಗ ಗೂಟಗಳು ಸರಿಯುತ್ತವೆ. ಸಾಧಾರಣ ದಿನ 30 ಮತ್ತು 50ರ ನಡುವೆ ಮಾರಿದರಷ್ಟೇ ಕೈಗೆ ಏನಾದರೂ ಉಳಿಯುತ್ತದೆ. ತೇರಿನ ದಿನ ಈ ಅಂತರ ದೊಡ್ಡದು, ಸುಮಾರು 24ರಿಂದ 56ರವರೆಗೆ. ಜನ ಅರ್ಧವಾದ ದಿನ? ಆ ದಿನದ ನೆತ್ತಿಯೇ 200, ಬಾಡಿಗೆ 300. ಯಾವ ಬೆಲೆಗೆ ಮಾರಿದರೂ ಕನಿಷ್ಠ 100 ರೂಪಾಯಿ ಕೈಯಿಂದ ಹೋಗುತ್ತದೆ. ಪರವಲಯ ಪೂರ್ತಿ ಎಕ್ಸ್-ಅಕ್ಷದ ಕೆಳಗೆ ಮುಳುಗಿ, ಅದನ್ನು ಎಲ್ಲೂ ಮುಟ್ಟುವುದಿಲ್ಲ. "ವಾಸ್ತವ ಶೂನ್ಯತೆಗಳಿಲ್ಲ" ಅಂತ ಪುಸ್ತಕದಲ್ಲಿ ಓದುವ ಮಾತಿಗೆ ಜಾತ್ರೆಯ ಅರ್ಥ ಇದು: ಅಂಗಡಿ ಕಿತ್ತುಕೊಂಡು ಊರಿಗೆ ಹೊರಡುವ ದಿನ ಬಂತು.

ಹುನಗುಂದ–ಇಳಕಲ್ ರಸ್ತೆಯಲ್ಲಿ ಮಳೆ

ವಿಜಯಪುರದಿಂದ ಹೊಸಪೇಟೆ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಹುನಗುಂದ, ಇಳಕಲ್ ಹಾದು ಹೋಗುತ್ತದೆ. ಹಗಲು ರಾತ್ರಿ ಲಾರಿ, ಬಸ್ಸು, ಬೈಕ್. ಈ ರಸ್ತೆಯಲ್ಲಿ ಓಡಾಡುವ ಪ್ರತಿಯೊಬ್ಬರೂ ಗೊತ್ತಿಲ್ಲದೆಯೇ ಒಂದು ಪರವಲಯದ ಮೇಲೆ ಗಾಡಿ ಓಡಿಸುತ್ತಿರುತ್ತಾರೆ.

ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲೋಕೆ ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಗಂಟೆಗೆ ಇಷ್ಟು ಕಿ.ಮೀ ಅಂತ, ದೂರ ಮೀಟರಿನಲ್ಲಿ ಅಂತ ಇಟ್ಟುಕೊಂಡರೆ, ಒಣಗಿದ ಒಳ್ಳೆ ಡಾಂಬರು ರಸ್ತೆಯಲ್ಲಿ ಟೈರು, ಬ್ರೇಕು ಸರಿಯಿರುವ ಕಾರಿಗೆ ಸಹಗುಣಕ ಸುಮಾರು 0.0056. 40 ಕಿ.ಮೀ ವೇಗದಲ್ಲಿ ಸುಮಾರು 9 ಮೀಟರ್. 80ರಲ್ಲಿ 18 ಅಲ್ಲ, 36 ಮೀಟರ್. ಕಲ್ಲಿನ ಬದಿ ಎರಡು ಪಟ್ಟಾದಾಗ ಬೆಲೆ ನಾಲ್ಕು ಪಟ್ಟಾದದ್ದು ಇದೇ ಲೆಕ್ಕ.

ಮಳೆ ಬಂದು ರಸ್ತೆ ಒದ್ದೆಯಾದರೆ ಟೈರಿನ ಹಿಡಿತ ಸಡಿಲವಾಗುತ್ತದೆ. ಹಿಡಿತ ಅರ್ಧವಾಯಿತು ಅಂದುಕೊಂಡರೆ ಸಹಗುಣಕ ಎರಡು ಪಟ್ಟು, 0.0112. ಇಡೀ ಪರವಲಯ ಎರಡು ಪಟ್ಟು ಮೇಲಕ್ಕೆ ಹಿಗ್ಗಿತು. 40ರಲ್ಲಿ 18 ಮೀಟರ್, 60ರಲ್ಲಿ 40, 80ರಲ್ಲಿ 72 ಮೀಟರ್. ಕಡಿಮೆ ವೇಗದಲ್ಲಿ ಮಳೆ ತಂದ ವ್ಯತ್ಯಾಸ 9 ಮೀಟರ್, ಹೆಚ್ಚು ವೇಗದಲ್ಲಿ ಅದೇ ಮಳೆ ತಂದ ವ್ಯತ್ಯಾಸ 36 ಮೀಟರ್. ಹಿಗ್ಗಿಸಿದಾಗ ಎತ್ತರದ ಚುಕ್ಕಿಗಳೇ ಹೆಚ್ಚು ದೂರ ಹೋಗುತ್ತವೆ ಅನ್ನೋದನ್ನು ಮರೆತವರು "ಸ್ವಲ್ಪ ಮಳಿಗೆ ಏನಾಗ್ತೈತಿ" ಅಂತ ಅದೇ ವೇಗದಲ್ಲಿ ಹೋಗುತ್ತಾರೆ.

ಇದು ಬ್ರೇಕ್ ಒತ್ತಿದ ನಂತರದ ದೂರ ಮಾತ್ರ. ಎದುರಿಗೆ ಎಮ್ಮೆ ಕಂಡು, ಕಾಲು ಬ್ರೇಕ್ ಮೇಲೆ ಬರೋಕೆ ಒಂದು ಸೆಕೆಂಡ್ ಹಿಡಿದರೂ 60 ಕಿ.ಮೀ ವೇಗದ ಗಾಡಿ ಅಷ್ಟರಲ್ಲಿ 16 ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಕಲ್ಲಿನ ದಿಮ್ಮಿ ಹೇರಿದ ಲಾರಿಗೆ ಕಾರಿಗಿಂತ ಹೆಚ್ಚೇ ಬೇಕು.

ಈಗ ಗಿರಾಕಿಯ ಪ್ರಶ್ನೆಯನ್ನು ಇಲ್ಲೂ ಕೇಳಬಹುದು. ಜೇಬಿನಲ್ಲಿ ಇಂತಿಷ್ಟೇ ದುಡ್ಡು ಇದ್ದ ಹಾಗೆ, ಮುಂದೆ ಇಂತಿಷ್ಟೇ ಜಾಗ ಇದೆ: 36 ಮೀಟರ್. ಒಣ ರಸ್ತೆಯಲ್ಲಿ 80ರ ವೇಗದ ಕಾರು ಅಷ್ಟರಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಅಷ್ಟೇ ಜಾಗದಲ್ಲಿ ನಿಲ್ಲಬೇಕೆಂದರೆ ವೇಗ ಎಷ್ಟಿರಬೇಕು? ಅರ್ಧಕ್ಕೆ, 40ಕ್ಕೆ ಇಳಿಸಬೇಕಿಲ್ಲ. 70 ಸಾಕು ಅಂದರೂ ತಪ್ಪು. ಎತ್ತರ ಎರಡು ಪಟ್ಟಾದಾಗ ಅಗಲ 2ರ ವರ್ಗಮೂಲದಷ್ಟು ಕಡಿಮೆ. 80ನ್ನು 1.41ರಿಂದ ಭಾಗಿಸಿದರೆ ಹತ್ತಿರ ಹತ್ತಿರ 57 ಕಿ.ಮೀ. ಮಗಳು ಗ್ರಾಫ್ ಹಾಳೆಯ ಮೇಲೆ ಒಣ ರಸ್ತೆಯದೊಂದು, ಒದ್ದೆ ರಸ್ತೆಯದೊಂದು ಗೆರೆ ಎಳೆದು, 36ರ ಎತ್ತರಕ್ಕೆ ಅಡ್ಡ ಸ್ಕೇಲ್ ಇಟ್ಟರೆ ಒಳಗಿನ ಗೆರೆ 57ರ ಹತ್ತಿರ ಸ್ಕೇಲನ್ನು ದಾಟಿರುತ್ತದೆ. ಮರುದಿನ ಬೆಳಿಗ್ಗೆ ಮಳೆಯಿದ್ದರೆ, ಇಳಕಲ್ಲಿಗೆ ಹೊರಟ ಅಪ್ಪನಿಗೆ ಆ ಹಾಳೆ ತೋರಿಸಬಹುದು.